ಸಿಟಿ ಕೋಣೆಯ ರಾತ್ರಿ ಪಾಳಿಗೆ, ವರ್ಷ ತುಂಬಿದ ಹೊತ್ತಿನಲ್ಲಿ

ನಮ್ಮ ವಿಭಾಗದಲ್ಲಿ ಸಿಟಿ ಸ್ಕ್ಯಾನ್‌ಗಳ ಡೋಸ್, ಅಂದರೆ ರೋಗಿಗೆ ತಗಲುವ ವಿಕಿರಣದ ಪರಿಶೀಲನೆ ಶುರುವಾಗಿ ಈ ವಾರಕ್ಕೆ ಒಂದು ವರ್ಷ. ಅಂಕಿಗಳ ಪಟ್ಟಿ ಎಲ್ಲರ ಕೈ ಸೇರಿದೆ. ನಡುವೆ ಚಿತ್ರಗಳನ್ನು ಕೂಡಿಡುವ ಸರ್ವರ್ ಕೈಕೊಟ್ಟ ರಾತ್ರಿಯ ಸುದ್ದಿಯೂ ಕ್ಯಾಂಟೀನಿನವರೆಗೆ ಮುಟ್ಟಿದೆ. ಅವನ್ನು ಮೊದಲಿನಿಂದ ಹೇಳುತ್ತ ಕೂರುವುದಿಲ್ಲ. ಬಾಕಿ ಉಳಿದಿರುವುದು ಕೃತಜ್ಞತೆ, ಅದನ್ನು ಎಲ್ಲರೆದುರು ಹೇಳಬೇಕು.

ತುರ್ತು ವಿಭಾಗದ ವೈದ್ಯರಿಗೆ, ಸ್ಟ್ರೆಚರ್ ತಳ್ಳಿದ ಅಟೆಂಡರ್‌ಗಳಿಗೆ, ರಕ್ತನಾಳಕ್ಕೆ ಮದ್ದು ಬಿಡುವ 18 ಗೇಜ್ ಕ್ಯಾನುಲಾವನ್ನು ಮೊಣಕೈ ಮಡಿಕೆಯಲ್ಲೇ ಹಾಕಿ ಕಳಿಸುವ ಸಿಸ್ಟರ್‌ಗಳಿಗೆ, ಮೂರು ತಿಂಗಳಿಗೊಮ್ಮೆ ಸಿಬ್ಬಂದಿಗೆ ತಗಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್‌ಗಳನ್ನು ತಪ್ಪದೆ ಒಟ್ಟುಮಾಡುವ ವಿಕಿರಣ ಸುರಕ್ಷತಾ ಅಧಿಕಾರಿಗೆ, ನಿದ್ದೆಗೆಟ್ಟು ಲೆಕ್ಕ ಬರೆದ ಪಿಜಿಗಳಿಗೆ (ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳಿಗೆ) ನಮ್ಮ ವಂದನೆ. ಮುಂದಿನ ಮಾತೆಲ್ಲ ಒಬ್ಬರ ಬಗ್ಗೆ. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ರಾತ್ರಿ ಪಾಳಿಯ ಹಿರಿಯ ಟೆಕ್ನಿಷಿಯನ್ ಎಂದರೆ ಸಾಕು, ಗೊತ್ತಾಗುವವರಿಗೆ ಗೊತ್ತಾಗುತ್ತದೆ.

ಡೋಸ್ ಎಂದರೆ ಯಂತ್ರದೊಳಗಿನ ವಿಷಯ, ಕಂಪನಿಯವರು ಬಂದು ಸರಿಮಾಡಬೇಕಾದದ್ದು ಎಂಬ ನಂಬಿಕೆ ವಿಭಾಗದಲ್ಲಿತ್ತು. ಈ ಟೆಕ್ನಿಷಿಯನ್ ಮೊದಲು ತೋರಿಸಿದ್ದು ರೋಗಿ ಮಲಗುವ ಟೇಬಲ್‌ನ ಎತ್ತರ. ಸ್ಕ್ಯಾನ್‌ಗೆ ಮುಂಚೆ ತೆಗೆಯುವ ಸ್ಕೌಟ್ ಚಿತ್ರದಲ್ಲಿ ರೋಗಿಯ ನೆರಳು ಎಷ್ಟು ಅಗಲವಿದೆ ಎಂದು ನೋಡಿಯೇ ಯಂತ್ರ ಎಕ್ಸ್‌ರೇ ಟ್ಯೂಬ್‌ನ ಕರೆಂಟ್, ಅಂದರೆ ಕಿರಣದ ಪ್ರಮಾಣ, ನಿರ್ಧರಿಸುತ್ತದೆ. ಟ್ಯೂಬ್ ಮೇಲ್ಗಡೆ ಇದ್ದು ಟೇಬಲ್ ಎರಡು ಮೂರು ಸೆಂಟಿಮೀಟರ್ ಹೆಚ್ಚು ಎತ್ತರದಲ್ಲಿದ್ದರೆ ನೆರಳು ಹಿಗ್ಗುತ್ತದೆ. ರೋಗಿ ದಪ್ಪ ಎಂದುಕೊಂಡು ಯಂತ್ರ ಕರೆಂಟ್ ಏರಿಸುತ್ತದೆ. ಟೇಬಲ್ ತಗ್ಗಿದ್ದರೆ ನೆರಳು ಕುಗ್ಗುತ್ತದೆ, ಕರೆಂಟ್ ಇಳಿಯುತ್ತದೆ, ಚಿತ್ರ ಮರಳು ಮರಳಾಗುತ್ತದೆ. ಇದರ ಜೊತೆಗೆ ಕಿರಣವನ್ನು ಸೋಸುವ ಬೋ ಟೈ ಫಿಲ್ಟರ್ ಒಂದಿದೆ: ನಡುವೆ ತೆಳು, ಅಂಚಿನಲ್ಲಿ ದಪ್ಪ. ರೋಗಿ ನಡುಬಿಂದುವಿನಿಂದ ಸರಿದಿದ್ದರೆ ತೆಳು ಭಾಗದ ಕಿರಣ ಬೀಳಬಾರದ ಕಡೆ ಬೀಳುತ್ತದೆ. ಲೇಸರ್ ಗೆರೆ ಕಂಕುಳಿನ ನಡುರೇಖೆಗೆ ಕೂಡಬೇಕು, ಅಷ್ಟೇ ಮದ್ದು. ಅರ್ಧ ನಿಮಿಷದ ಕೆಲಸ. ಆದರೆ ಹೊರಗೆ ನಾಲ್ಕು ಸ್ಟ್ರೆಚರ್ ಕಾಯುತ್ತಿರುವಾಗ ಮೊದಲು ಬಿಟ್ಟುಹೋಗುವುದು ಇದೇ ಅರ್ಧ ನಿಮಿಷ.

ಕೈಗಳ ವಿಷಯವೂ ಹಾಗೆಯೇ. ಹೊಟ್ಟೆಯ ಸ್ಕ್ಯಾನ್‌ನಲ್ಲಿ ಕೈ ಪಕ್ಕದಲ್ಲೇ ಉಳಿದರೆ ಡೋಸ್ ಏರುತ್ತದೆ, ಲಿವರ್ ಮತ್ತು ಸ್ಪ್ಲೀನ್ ಮೇಲೆ ಅಡ್ಡಗೆರೆಗಳು ಬೀಳುತ್ತವೆ. ಭುಜ ಮುರಿದವರ ಕೈ ತಲೆಯ ಮೇಲೆ ಹೋಗದು. ಅಂಥವರಿಗೆ ಹೊಟ್ಟೆಯ ಮೇಲೆ ದಿಂಬಿಟ್ಟು ಅದರ ಮೇಲೆ ಕೈ ಇಡಿಸುವುದು ಅವರ ಪಾಠ. ಈಗ ಸಿಟಿ ಕೋಣೆಯಲ್ಲಿ ಅದಕ್ಕೆಂದೇ ಒಂದು ದಿಂಬಿದೆ.

ಆಮೇಲೆ ಫೇಸ್‌ಗಳ, ಅಂದರೆ ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿಗೆ ಮತ್ತೆ ಮತ್ತೆ ಸ್ಕ್ಯಾನ್ ಮಾಡುವುದರ, ಪ್ರಶ್ನೆ ಎತ್ತಿದವರೂ ಅವರೇ. ಯಾವಾಗಲೋ ಲಿವರ್ ಗಡ್ಡೆಗೆಂದು ಬರೆದಿಟ್ಟ ಪ್ರೋಟೋಕಾಲ್ ಎಲ್ಲ ಹೊಟ್ಟೆನೋವಿಗೂ ಓಡುತ್ತಿತ್ತು: ಮೊದಲು ಕಾಂಟ್ರಾಸ್ಟ್ (ರಕ್ತನಾಳ ಎದ್ದು ಕಾಣಿಸುವ ಮದ್ದು) ಇಲ್ಲದ ಪ್ಲೇನ್, ಆಮೇಲೆ ಮದ್ದು ಅಪಧಮನಿಯಲ್ಲಿರುವಾಗಿನ ಆರ್ಟೀರಿಯಲ್, ಕೊನೆಗೆ ಅಭಿಧಮನಿಗೆ ಬಂದಾಗಿನ ವೀನಸ್. ಲೆಕ್ಕ ಸರಳ. ಹೊಟ್ಟೆಯ ಸ್ಕ್ಯಾನ್‌ನ ಡಿಎಲ್‌ಪಿಯನ್ನು (ಇಡೀ ಸ್ಕ್ಯಾನ್‌ನ ವಿಕಿರಣಕ್ಕೆ ಯಂತ್ರ ತೋರಿಸುವ ಅಂಕಿ) 0.015ರಿಂದ ಗುಣಿಸಿದರೆ ಮಿಲಿಸೀವರ್ಟ್‌ನಲ್ಲಿ ಅಂದಾಜು ಡೋಸ್ ಸಿಗುತ್ತದೆ. ಒಂದು ಫೇಸ್‌ಗೆ 600 ಎಂದರೆ 9 ಮಿಲಿಸೀವರ್ಟ್, ಮೂರು ಫೇಸ್‌ಗೆ 27. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷವಿಡೀ ಸಿಗುವ ವಿಕಿರಣದ ಜಾಗತಿಕ ಸರಾಸರಿ ಸುಮಾರು 2.4ರಿಂದ 3. ಸಾಮಾನ್ಯ ಹೊಟ್ಟೆನೋವಿಗೆ ಕಾಂಟ್ರಾಸ್ಟ್ ಕೊಟ್ಟ ಸುಮಾರು 70 ಸೆಕೆಂಡಿಗೆ ತೆಗೆದ ಒಂದೇ ಫೇಸ್ ಬಹುತೇಕ ಸಾಕಾಗುತ್ತದೆ. "ಈ ಪ್ಲೇನ್ ಯಾಕೆ ಮಾಡ್ತಾ ಇದೀವಿ ಸರ್?" ಎಂದು ಗುರುವಾರದ ಸಭೆಯಲ್ಲಿ ಅವರು ಕೇಳಿದಾಗ ಪ್ರೊಫೆಸರ್‌ಗಳ ಸಾಲಿನಲ್ಲೂ ಉತ್ತರವಿರಲಿಲ್ಲ. ಪ್ರೋಟೋಕಾಲ್ ತಿದ್ದುವ ಕೆಲಸ ಶುರುವಾದದ್ದು ಆ ಪ್ರಶ್ನೆಯಿಂದ.

ಇನ್ನು ಸರ್ವರ್ ಕೈಕೊಟ್ಟ ಆ ರಾತ್ರಿ. ತಾಂತ್ರಿಕವಾಗಿ ಆದದ್ದು ಇಷ್ಟು: ಹಲವು ಡಿಸ್ಕ್‌ಗಳಿಗೆ ಹಂಚಿ ಕೂಡಿಡುವ ರೇಡ್ 5 ಜೋಡಣೆಯಲ್ಲಿ ಒಂದು ಡಿಸ್ಕ್ ಹೋದರೂ ಕೆಲಸ ನಿಲ್ಲುವುದಿಲ್ಲ. ಅಪಾಯ ಇರುವುದೂ ಅಲ್ಲೇ. ಸರ್ವರ್ ಕೋಣೆಯಲ್ಲಿ ಕೆಂಪು ದೀಪ ಉರಿಯುತ್ತಿರುತ್ತದೆ, ಇತ್ತ ಚಿತ್ರಗಳು ಬರುತ್ತಲೇ ಇರುತ್ತವೆ, ಯಾರೂ ಹೋಗಿ ನೋಡುವುದಿಲ್ಲ. ಹೊಸ ಡಿಸ್ಕ್ ಹಾಕಿದ ಮೇಲೆ ಅದನ್ನು ತುಂಬಲು ಉಳಿದವೆಲ್ಲ ಗಂಟೆಗಟ್ಟಲೆ ಬಿಡುವಿಲ್ಲದೆ ದುಡಿಯಬೇಕು. ಅದೇ ವಯಸ್ಸಿನ ಇನ್ನೊಂದು ಡಿಸ್ಕ್ ಸೋಲುವುದು ಆಗಲೇ, ಎರಡನೆಯದು ಹೋಯಿತೆಂದರೆ ಇಡೀ ಸಂಗ್ರಹ ಹೋದಂತೆ. ರೇಡ್ ಇದೆಯಲ್ಲ, ಬ್ಯಾಕಪ್ ಯಾಕೆ ಎನ್ನುವವರು ದಯವಿಟ್ಟು ಇದನ್ನು ಇನ್ನೊಮ್ಮೆ ಓದಿ. ಹಳೆಯ ಚಿತ್ರಗಳು ಉಳಿದದ್ದು ಬೇರೆ ಕಟ್ಟಡದಲ್ಲಿ ಪ್ರತ್ಯೇಕ ಬ್ಯಾಕಪ್ ಇದ್ದದ್ದರಿಂದ.

ಆ ರಾತ್ರಿಯ ಚಿತ್ರಗಳು ಉಳಿದದ್ದು ಮಾತ್ರ ಅವರಿಂದ. ಸರ್ವರ್ ಉತ್ತರ ಕೊಡುತ್ತಿಲ್ಲ ಎಂದು ಗೊತ್ತಾದ ಕೂಡಲೇ ಫೋನ್ ಹಿಡಿಯುವ ಮುಂಚೆ ಅವರು ಕನ್ಸೋಲ್‌ನ (ಸ್ಕ್ಯಾನರ್ ನಡೆಸುವ ಕಂಪ್ಯೂಟರ್‌ನ) ಆಟೋ ಡಿಲೀಟ್ ಆಫ್ ಮಾಡಿದರು. ಸಿಟಿ ಕನ್ಸೋಲ್‌ನಲ್ಲಿ ಜಾಗ ಕಡಿಮೆ. ತುಂಬುತ್ತ ಬಂದಂತೆ ಹಳೆಯದನ್ನು ತಾನಾಗಿ ಅಳಿಸುವಂತೆ ಸಾಮಾನ್ಯವಾಗಿ ಇಟ್ಟಿರುತ್ತಾರೆ. ಒಂದು ಸ್ಲೈಸ್ (ದೇಹದ ಒಂದು ಅಡ್ಡಸೀಳಿನ ಚಿತ್ರ) ಎಂದರೆ 512 ಅಡ್ಡ 512 ಚುಕ್ಕಿ, ಹತ್ತಿರ ಹತ್ತಿರ ಅರ್ಧ ಎಂಬಿ. ಅಪಘಾತದವರ ಪೂರ್ತಿ ದೇಹದ ಸ್ಕ್ಯಾನ್‌ನಲ್ಲಿ ತೆಳು ಸ್ಲೈಸ್‌ಗಳು 2,000 ದಾಟಿದರೆ ಒಬ್ಬರಿಗೇ ಒಂದು ಜಿಬಿ. ಅವರು ಪ್ರತಿ ಸ್ಟಡಿಯನ್ನೂ (ಒಬ್ಬರ ಒಂದು ಸ್ಕ್ಯಾನ್) ಲಾಕ್ ಮಾಡಿ ಸಿಡಿಗಳಿಗೆ ಇಳಿಸಿದರು. ತಲೆಯ ಸ್ಕ್ಯಾನ್‌ಗಳನ್ನು ಎರಡೆರಡು ವಿಂಡೋಗಳಲ್ಲಿ (ಕಪ್ಪು ಬಿಳುಪಿನ ಹೊಂದಾಣಿಕೆ), ಮೆದುಳಿಗೆ ಅಗಲ 80 ಮಟ್ಟ 40, ಮೂಳೆಗೆ ಅಗಲ 2,000 ಮಟ್ಟ 500 ಇಟ್ಟು ಫಿಲ್ಮ್ ಹಾಕಿಕೊಟ್ಟರು. ಮೂಳೆಗೆ ಅಂಟಿಕೊಂಡ ತೆಳು ರಕ್ತದ ಪದರ ಮೆದುಳಿನ ವಿಂಡೋದಲ್ಲಿ ಬಿಳಿಯಲ್ಲಿ ಬಿಳಿಯಾಗಿ ಅಡಗುತ್ತದೆ. ಅದಕ್ಕೆ ಅಗಲ 200ಕ್ಕೆ ಹಿಗ್ಗಿಸಿ ಕನ್ಸೋಲ್‌ನಲ್ಲೇ ನೋಡಲು ಡ್ಯೂಟಿ ಪಿಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರು.

ರೋಗಿಗಳ ವಿವರ ತಾನಾಗಿ ತರುವ ವರ್ಕ್‌ಲಿಸ್ಟ್ ಇಲ್ಲದ ಮೇಲೆ ಹೆಸರು, ನಂಬರ್ ಎಲ್ಲವನ್ನೂ ಕೈಯಿಂದ ಟೈಪ್ ಮಾಡಬೇಕು. ನಿಜವಾದ ಅಪಾಯ ಇಲ್ಲಿಂದ ಶುರು. ಅವರು ಒಂದು ಉದ್ದನೆಯ ನೋಟ್‌ಬುಕ್ ತೆಗೆದು ಗೆರೆ ಹಾಕಿದರು: ಆಸ್ಪತ್ರೆ ನಂಬರ್, ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಸಮಯ, ಸ್ಲೈಸ್‌ಗಳ ಎಣಿಕೆ, ರಿಪೋರ್ಟ್ ಯಾರಿಗೆ ಫೋನ್‌ನಲ್ಲಿ ಹೇಳಿದ್ದು, ಅವರು ತಿರುಗಿ ಓದಿ ಹೇಳಿದರೇ. ನಂಬರ್ ಒಬ್ಬರು ಓದಬೇಕು, ಇನ್ನೊಬ್ಬರು ಟೈಪ್ ಮಾಡಬೇಕು, ಮಣಿಕಟ್ಟಿನ ಪಟ್ಟಿಯೊಂದಿಗೆ ತಾಳೆ ನೋಡಬೇಕು.

ಒಂದೇ ಅಪಘಾತದಿಂದ ಇಬ್ಬರು ಬಂದರು. ಒಂದೇ ಹೆಸರು, ಹೆಚ್ಚುಕಡಿಮೆ ಒಂದೇ ವಯಸ್ಸು. ಒಬ್ಬರ ತಲೆಬುರುಡೆಯ ಒಳಬದಿಗೆ ಮಸೂರದ ಆಕಾರದಲ್ಲಿ ಎಕ್ಸ್‌ಟ್ರಾಡ್ಯೂರಲ್ (ಮೆದುಳಿನ ಹೊದಿಕೆಯ ಹೊರಗಿನ) ರಕ್ತ ಕಟ್ಟಿತ್ತು, ಇನ್ನೊಬ್ಬರ ಸ್ಕ್ಯಾನ್ ನಾರ್ಮಲ್. ಫಿಲ್ಮ್‌ಗಳು ಅದಲುಬದಲಾಗಿ ಎರಡು ಸ್ಟ್ರೆಚರ್‌ಗಳ ಮೇಲೆ ಹೊರಟಿದ್ದವು. ಬಾಗಿಲಲ್ಲೇ ತಡೆದವರು ಅವರು: ಊರಿನ ಹೆಸರು ತಾಳೆಯಾಗುತ್ತಿಲ್ಲ ಎಂದರು. ಅಷ್ಟೇ ಅಂದದ್ದು. ತಡೆಯದಿದ್ದರೆ ಗಾಯವೇ ಇಲ್ಲದ ತಲೆಯನ್ನು ತೆರೆಯುತ್ತಿದ್ದರು, ರಕ್ತ ಕಟ್ಟಿದ ತಲೆ ವಾರ್ಡಿನ ಮೂಲೆಯಲ್ಲಿ ಮಲಗಿರುತ್ತಿತ್ತು. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ. ಎಷ್ಟು ಓದಿಕೊಂಡವರು ಆ ಕಟ್ಟಡದಲ್ಲಿದ್ದೆವು, ಒಬ್ಬರ ಕಣ್ಣಿಗೂ ಅದು ಬೀಳಲಿಲ್ಲ. ಆ ಇಬ್ಬರ ಮನೆಯವರಿಗೆ ಇದು ಗೊತ್ತೂ ಇಲ್ಲ. ಅವರ ಪರವಾಗಿಯೂ ಇಲ್ಲಿ ಕೈಮುಗಿಯುತ್ತಿದ್ದೇವೆ.

ಪಾಳಿ ಬೆಳಿಗ್ಗೆ 8ಕ್ಕೆ ಮುಗಿದಿತ್ತು. ತಾತ್ಕಾಲಿಕ ಸರ್ವರ್‌ಗೆ ಒಂದೊಂದೇ ಸ್ಟಡಿ ಕಳಿಸಿ, ಎರಡೂ ಕಡೆಯ ಸ್ಲೈಸ್ ಎಣಿಕೆ ನೋಟ್‌ಬುಕ್ಕಿನೊಂದಿಗೆ ಕೂಡುವವರೆಗೆ ಅವರು ಕನ್ಸೋಲ್ ಬಿಟ್ಟೇಳಲಿಲ್ಲ. ಅಷ್ಟೊತ್ತಿಗೆ ಮಧ್ಯಾಹ್ನವಾಗಿತ್ತು.

ಆ ರಾತ್ರಿ ಅವರು ಪಿಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡದ್ದರಿಂದ ಪಿಜಿಗಳಿಗೆ ಪಾಠ ಹೇಳುವ ವಿಭಾಗವೊಂದು ಕಲಿಯಬೇಕಾದದ್ದಿದೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲೀಸ್ ಆಸ್ಪತ್ರೆಯಲ್ಲಿ ಸಿಟಿಯನ್ನು ರೂಪಿಸಿದ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ಮೆದುಳನ್ನು ತೋರಿಸಿದಾಗ ಚಿತ್ರದಲ್ಲಿದ್ದದ್ದು 80 ಅಡ್ಡ 80 ಚೌಕ. ಎಲ್ಲರೂ ಒಂದೇ ಚಿತ್ರದ ಮುಂದೆ ನಿಂತು ಮಾತಾಡಬಹುದಿತ್ತು. ಈಗ ಒಬ್ಬ ರೋಗಿಗೆ ಸಾವಿರಾರು ಸ್ಲೈಸ್. ಪಿಜಿ ಒಂದು ಕೋಣೆಯಲ್ಲಿ ರಾತ್ರಿ ತಾತ್ಕಾಲಿಕ ರಿಪೋರ್ಟ್ ಬರೆಯುತ್ತಾರೆ. ಬೆಳಿಗ್ಗೆ ಇನ್ನೊಂದು ಕೋಣೆಯಲ್ಲಿ ಪ್ರೊಫೆಸರ್ ಅದನ್ನು ತಿದ್ದಿ ಸಹಿ ಹಾಕುತ್ತಾರೆ. ಯಾವ ಸಾಲು ಬದಲಾಯಿತು, ಯಾಕೆ ಬದಲಾಯಿತು ಎಂದು ಪಿಜಿಗೆ ತಿಳಿಯುವುದೇ ಇಲ್ಲ. ಸ್ಕ್ಯಾನ್ ಸಂಖ್ಯೆ ಏರಿದಷ್ಟೂ ಪಕ್ಕದಲ್ಲಿ ಕೂತು ಕಲಿಸುವ ಹೊತ್ತು ಕರಗುತ್ತದೆ. ಈ ವರ್ಷ ತಿದ್ದಿದ ಪ್ರತಿ ರಿಪೋರ್ಟನ್ನೂ ಪಿಜಿಗೆ ವಾಪಸ್ ಕಳಿಸುವ ಪದ್ಧತಿ ಬಂದಿದೆ. ಅದಕ್ಕೆ ಒಪ್ಪಿದ ಅಧ್ಯಾಪಕರಿಗೆ ಥ್ಯಾಂಕ್ಸ್, ಅದು ಸುಲಭದ ಒಪ್ಪಿಗೆಯಲ್ಲ.

ರಕ್ತಸ್ರಾವ ಗುರುತಿಸುವ ಸಾಫ್ಟ್‌ವೇರ್ ಬಂದಿರುವುದರಿಂದ ತುರ್ತಿನ ಸ್ಕ್ಯಾನ್ ಸಾಲಿನಲ್ಲಿ ಮುಂದೆ ಬರುತ್ತದೆ, ನಿಜ. ಆದರೆ ಮೆದುಳಿನೊಳಗಿನ ಕೋರಾಯ್ಡ್ ಪ್ಲೆಕ್ಸಸ್‌ನಲ್ಲಿ ಕಟ್ಟುವ ಸುಣ್ಣವನ್ನೋ ತಲೆ ಅಲ್ಲಾಡಿದಾಗ ಬೀಳುವ ಗೆರೆಯನ್ನೋ ಅದು ರಕ್ತ ಎನ್ನಬಹುದು. ಹೊಸ ರಕ್ತ ಸುಮಾರು 50ರಿಂದ 90 ಹೌನ್ಸ್‌ಫೀಲ್ಡ್ (ಸಿಟಿಯಲ್ಲಿ ಸಾಂದ್ರತೆಯ ಅಳತೆ), ಸುಣ್ಣ ಸಾಮಾನ್ಯವಾಗಿ 100 ದಾಟುತ್ತದೆ. ಅಳೆದು ನೋಡುವ ಅಭ್ಯಾಸ ಪಿಜಿಗಳಿಗೆ ಬಂದದ್ದು ಕನ್ಸೋಲ್ ಪಕ್ಕದ ಆ ಕುರ್ಚಿಯಲ್ಲಿ.

ತುರ್ತು ವಿಭಾಗದವರಿಗೆ ಇನ್ನೊಂದು ಮಾತು: ಈಗ ಸ್ಕ್ಯಾನ್ ಚೀಟಿಯಲ್ಲಿ ತೊಂದರೆ ಯಾವಾಗಿನಿಂದ, ಯಾವ ಬದಿ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯೇಟಿನಿನ್ ಎಷ್ಟು ಎಂದು ಬರೆದು ಕಳಿಸುತ್ತಿದ್ದೀರಿ. ಮಕ್ಕಳ ಹೊಟ್ಟೆನೋವಿಗೆ ಮೊದಲು ಅಲ್ಟ್ರಾಸೌಂಡ್ ಕೇಳುತ್ತಿದ್ದೀರಿ. ತುಂಬ ಉಪಕಾರವಾಗಿದೆ.

ಆ ನೋಟ್‌ಬುಕ್ಕಿನ ನಮೂನೆಯನ್ನು ಅಚ್ಚು ಹಾಕಿಸಿ ಸಿಟಿ, ಎಂಆರ್‌ಐ, ಎಕ್ಸ್‌ರೇ ಮೂರೂ ಕಡೆ ಡ್ರಾಯರ್‌ನಲ್ಲಿ ಇಟ್ಟಿದ್ದೇವೆ. ಗುರುವಾರದ ಸಭೆಯನ್ನು ಮಧ್ಯಾಹ್ನದಿಂದ ಬೆಳಿಗ್ಗೆ 8ಕ್ಕೆ ತಂದಿದ್ದೇವೆ, ರಾತ್ರಿ ಪಾಳಿ ಮುಗಿಸಿದವರು ಕಾಯಬೇಕಾಗದಂತೆ. ಮೊದಲ ಅರ್ಧ ಗಂಟೆ ಟೆಕ್ನಿಷಿಯನ್‌ಗಳದು. ಈ ವಾರ ಶುರುಮಾಡುವವರು ಅವರೇ, ವಿಷಯ ಟೇಬಲ್‌ನ ಎತ್ತರ.