ಜೋಡಿಸಿದ ಪ್ರಯೋಗ ರಾತ್ರಿಯೂ ಹಾಗೇ ಇರಲಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಹಾರಾಷ್ಟ್ರದ ಉನ್ನತ ಮತ್ತು ತಂತ್ರ ಶಿಕ್ಷಣ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಮುಂಬಯಿ ಕಡೆಯ ಒಂದು ಕಾಲೇಜಿನಲ್ಲಿ ಬಿಎಸ್ಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವನು. ಇದರ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದು ಡೊಂಬಿವಲಿ, ಮುಲುಂಡ್, ಮಾಟುಂಗದ ನಮ್ಮವರಿಗಾಗಿ. ಅವರ ಮಕ್ಕಳೂ ಇಂಥ ಲ್ಯಾಬುಗಳಲ್ಲೇ ಕಲಿಯುತ್ತಿದ್ದಾರೆ.

ಹೊಸ ಶಿಕ್ಷಣ ನೀತಿಯಂತೆ ಡಿಗ್ರಿಯನ್ನು ಈಗ ನಾಲ್ಕು ವರ್ಷ ಓದಬಹುದು. ನಾಲ್ಕನೇ ವರ್ಷ ಸಂಶೋಧನೆಗೆ ಅವಕಾಶವಿದೆ. 2024-25ರಲ್ಲಿ ಸೇರಿದವರು 2027ಕ್ಕೆ ಆ ವರ್ಷಕ್ಕೆ ಬರುತ್ತಾರೆ. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಇರಬೇಕು ಅಂತ ಯುಜಿಸಿ ಷರತ್ತು ಬೇರೆ. ಕೈ ಚುರುಕಾಗಿರುವ ಎಷ್ಟೋ ಮಕ್ಕಳು ಅಲ್ಲೇ ಉಳಿದುಬಿಡುತ್ತಾರೆ. ಆ ಜಗಳ ಇನ್ನೊಮ್ಮೆ ಆಡೋಣ. ಷರತ್ತು ದಾಟಿ ಬಂದವರಿಗಾದರೂ ಕೆಲಸ ಮಾಡಲು ಜಾಗ ಎಲ್ಲಿದೆ?

ಈಗ ಪ್ರಾಕ್ಟಿಕಲ್ ಎಂದರೆ ಎರಡು-ಮೂರು ಗಂಟೆ. ಉಪಕರಣ ಜೋಡಿಸಿ, ರೀಡಿಂಗ್ ತೆಗೆದು, ಬಿಚ್ಚಿ ಕಪಾಟಿನಲ್ಲಿಡಬೇಕು. ಬಾಗಿಲಲ್ಲಿ ಮುಂದಿನ ಬ್ಯಾಚ್ ನಿಂತಿರುತ್ತದೆ. ಉತ್ತರ ಎಷ್ಟು ಬರಬೇಕು ಅಂತ ಮೊದಲೇ ಗೊತ್ತು. ಹಾಗಾಗಿ ಲೋಲಕ ಹೇಗೇ ತೂಗಲಿ, ಜರ್ನಲ್‌ನಲ್ಲಿ, ಅಂದರೆ ಪ್ರಾಕ್ಟಿಕಲ್ ಪುಸ್ತಕದಲ್ಲಿ, ಗುರುತ್ವದ 'ಜಿ' ಬೆಲೆ 9.8 ಬಂದೇ ಬರುತ್ತದೆ!

ನಿಜವಾದ ಪ್ರಯೋಗ ಹಾಗಲ್ಲ. ಮ್ಯೂಆನ್ ಎಂಬ ಕಣಗಳು ಮೇಲಿನಿಂದ ಸದಾ ಸುರಿಯುತ್ತಿರುತ್ತವೆ. ಸಮುದ್ರ ಮಟ್ಟದಲ್ಲಿ ಚದರ ಸೆಂಟಿಮೀಟರ್‌ಗೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು. ಕಣ ಹಾದಾಗ ಮಿಡಿಯುವ ಎರಡು ಗೈಗರ್ ಕೊಳವೆಗಳನ್ನು ಒಂದರ ಮೇಲೊಂದಿಟ್ಟು, ಎರಡೂ ಒಟ್ಟಿಗೆ ಮಿಡಿದಾಗ ಮಾತ್ರ ಎಣಿಸುವ ಸರ್ಕ್ಯೂಟ್ ಕಟ್ಟಿದರೆ ಬಿಎಸ್ಸಿ ಮಕ್ಕಳೂ ಅವನ್ನು ಹಿಡಿಯಬಹುದು. ಸರ್ಕ್ಯೂಟಿನ ಬಿಡಿಭಾಗ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತವೆ. ಸಿಗದಿರುವುದು ಸಮಯ. ಚಿಕ್ಕ ಕೊಳವೆ, ನಿಮಿಷಕ್ಕೊಂದು ಎಣಿಕೆ ಎಂದಿಟ್ಟುಕೊಳ್ಳಿ. ಎರಡು ಗಂಟೆಗೆ 120. ಎಣಿಕೆಯ ವರ್ಗಮೂಲದಷ್ಟು ಏರುಪೇರು ಇದ್ದೇ ಇರುತ್ತದೆ, ಅಂದರೆ ಸುಮಾರು 11, ಶೇ. 9ರಷ್ಟು. ಓರೆಯಾಗಿ ಬರುವ ಕಣ ಕಡಿಮೆ, ಹಾಗಾಗಿ ಕೊಳವೆಗಳ ಜೋಡಿಯನ್ನು 60 ಡಿಗ್ರಿ ವಾಲಿಸಿದರೆ ಬರುವುದು ಕಾಲು ಭಾಗ, 30. ಅದರಿಂದ ಏನು ತಿಳಿದೀತು? ಏರುಪೇರು ಶೇ. 1ಕ್ಕೆ ಇಳಿಯಬೇಕೆಂದರೆ 10,000 ಎಣಿಕೆ ಬೇಕು. ಹತ್ತಿರ ಹತ್ತಿರ 7 ದಿನ, ಹಗಲೂ ರಾತ್ರಿ.

ಸಾಲದ್ದಕ್ಕೆ ನಮ್ಮೂರ ಮಳೆ. ಒಂದು ಜುಲೈನಲ್ಲಿ ಕೊಳವೆಯೊಂದರ ಎಣಿಕೆ ದಿಢೀರನೆ ಏರಿತು. ಇಬ್ಬರು ವಿದ್ಯಾರ್ಥಿನಿಯರು ಮೊದಲು ಸರ್ಕ್ಯೂಟನ್ನು ಬೈದರು, ಆಮೇಲೆ ಕೊಳವೆಯನ್ನು. ಕೊನೆಗೆ ಒಬ್ಬಳು ಹೈ ವೋಲ್ಟೇಜ್ ಕನೆಕ್ಟರ್ ಬಿಚ್ಚಿ ಒರೆಸಿ, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಡಬ್ಬಿ ಮುಚ್ಚಿದಳು. ಎಣಿಕೆ ಇಳಿಯಿತು. ತೇವಕ್ಕೆ ಕರೆಂಟ್ ಸೋರಿ, ಇಲ್ಲದ ಕಣ ಲೆಕ್ಕಕ್ಕೆ ಬರುತ್ತಿತ್ತು! ನನ್ನ ಕೇಳಿದರೆ ಸಂಶೋಧನೆ ಅಂದರೆ ಇದೇ. ಯಾವ ಜರ್ನಲ್‌ನಿಂದಲೂ ನಕಲು ಮಾಡಲಾಗದ್ದು. ಅಷ್ಟರಲ್ಲಿ ಸಂಜೆ ಐದಾಯಿತು, ಅಟೆಂಡೆಂಟ್ ಬೀಗ ಹಿಡಿದು ಬಂದರು. ಮರುದಿನ ಅದೇ ಮೇಜಿನಲ್ಲಿ ಮೊದಲ ವರ್ಷದವರ ಪ್ರಾಕ್ಟಿಕಲ್. ಎಲ್ಲ ಬಿಚ್ಚಬೇಕಾಯಿತು. ಅಟೆಂಡೆಂಟರದೇನೂ ತಪ್ಪಿಲ್ಲ. ಖಾಲಿ ಹುದ್ದೆ ತುಂಬದೆ, ಮೂವರ ಕೆಲಸ ಅವರೊಬ್ಬರ ತಲೆ ಮೇಲಿದೆ.

ಬೆಂಗಳೂರಿನಲ್ಲಿ ಹುಟ್ಟಿ 1945ರಲ್ಲೇ ಮುಂಬಯಿಗೆ ಬಂದ ಸಂಸ್ಥೆ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ). ಅದರ ವಿಜ್ಞಾನಿಗಳು, ಜಪಾನ್ ಮತ್ತು ಬ್ರಿಟನ್‌ನವರ ಜೊತೆ ಸೇರಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, 2 ಕಿಲೋಮೀಟರ್‌ಗೂ ಜಾಸ್ತಿ ಆಳದಲ್ಲಿ ಕಾದು, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳನ್ನು ಪತ್ತೆ ಮಾಡಿದರು. ಸಂಜೆ ಐದಕ್ಕೆ ಬಿಚ್ಚಿಡಿ ಅಂದಿದ್ದರೆ ಆಗುತ್ತಿತ್ತಾ? ಮಾನಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ 2004ರಿಂದ ಡಿಗ್ರಿ ಮಕ್ಕಳಿಗೆ ಸಂಶೋಧನೆಯ ರುಚಿ ಹತ್ತಿಸುತ್ತಿದೆ. ಒಳ್ಳೆಯ ಕೆಲಸ. ಆದರೆ ದೇಶದ ಎಲ್ಲ ಕಡೆಯಿಂದ ಆಯ್ದ ಕೆಲವರಿಗಷ್ಟೇ ಅಲ್ಲಿ ಜಾಗ.

ನಾನು ದುಬಾರಿ ಯಂತ್ರ ಕೇಳುತ್ತಿಲ್ಲ. ಹತ್ತಿರದ ನಾಲ್ಕೈದು ಕಾಲೇಜುಗಳು ಸೇರಿ ಬಳಸುವ ಒಂದು ಕೋಣೆ ಕೊಡಿ. ಸ್ಟೇಷನ್‌ಗೆ ಹತ್ತಿರವಿದ್ದರೆ ಒಳ್ಳೆಯದು. ಅಲ್ಲಿ ಜೋಡಿಸಿದ್ದನ್ನು ಕೆಲಸ ಮುಗಿಯುವ ತನಕ ಯಾರೂ ಮುಟ್ಟಬಾರದು. ರಾತ್ರಿ ಒಂಬತ್ತರ ತನಕ ತೆರೆದಿರಲಿ, ಕಾಯಂ ಅಟೆಂಡೆಂಟ್ ಇರಲಿ. ಇನ್ನೂರು ರೂಪಾಯಿಯ ಬಿಡಿಭಾಗಕ್ಕೆ ಮೂರು ಕೊಟೇಶನ್ ಕೇಳುವುದು ನಿಲ್ಲಲಿ. ಈಗ ಮಕ್ಕಳು ಸುಮ್ನೆ ತಮ್ಮ ಪಾಕೆಟ್ ಮನಿಯಿಂದಲೇ ತರುತ್ತಾರೆ.

2027ರ ಜೂನ್ ಒಳಗೆ ಆಗಬೇಕಾದ ಕೆಲಸ ಇದು. ಮೊದಲು ಠಾಣೆ, ಕಲ್ಯಾಣ ಕಡೆ ಒಂದೇ ಒಂದು ಕೋಣೆ ಶುರು ಮಾಡಿ ನೋಡಿ. ಟೈಮ್‌ಟೇಬಲ್ ಹೊಂದಿಸುವ ತಲೆನೋವು ನಮಗಿರಲಿ.

ಇಂತಿ,
ಒಬ್ಬ ಭೌತಶಾಸ್ತ್ರದ ಮೇಷ್ಟ್ರು
ಡೊಂಬಿವಲಿ