ಕಮಲಾ ಹ್ಯಾರಿಸ್ ಅವರ ಆ ವರ್ಷಗಳು

ಮಾನ್ಯ ಸಂಪಾದಕರೇ,

ಕಮಲಾ ಹ್ಯಾರಿಸ್ ಎಂದ ಕೂಡಲೇ ನಾವು ತಾಯಿಯ ಚೆನ್ನೈ, ತಾತನ ತುಳಸೇಂದ್ರಪುರ ಅಂತ ಶುರು ಮಾಡುತ್ತೇವೆ, ಅಲ್ವಾ? ನನಗೆ ಅದಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು ಅವರು ಸ್ಯಾನ್ ಫ್ರಾನ್ಸಿಸ್ಕೊ ಸಿಟಿ ಅಟಾರ್ನಿ ಕಚೇರಿಯಲ್ಲಿ ದುಡಿದ ದಿನಗಳು. 2000ದಲ್ಲಿ ಸೇರಿದರು. ಅದು ಕೊಲೆ, ದರೋಡೆ ಕೇಸು ನಡೆಸುವ ಜಾಗವಲ್ಲ, ನಗರಾಡಳಿತದ ಸಿವಿಲ್ ವಕೀಲರ ಕಚೇರಿ. ಮನೆಯಲ್ಲೇ ಹಿಂಸೆ ಅನುಭವಿಸಿದ, ಯಾರೂ ನೋಡಿಕೊಳ್ಳದೆ ಬಿಟ್ಟ ಮಕ್ಕಳ ಕೇಸುಗಳನ್ನು ನೋಡುವ ವಿಭಾಗಕ್ಕೆ ಅವರು ಮುಖ್ಯಸ್ಥೆಯಾಗಿದ್ದರು. ಇಂಥ ಕೆಲಸಕ್ಕೆ ಚಪ್ಪಾಳೆ ಸಿಗುವುದಿಲ್ಲ.

2003ರಲ್ಲಿ ಅದೇ ನಗರದ ಡಿಸ್ಟ್ರಿಕ್ಟ್ ಅಟಾರ್ನಿ (ಕ್ರಿಮಿನಲ್ ಕೇಸು ನಡೆಸುವ ಮುಖ್ಯ ಸರ್ಕಾರಿ ವಕೀಲರು) ಚುನಾವಣೆಗೆ ನಿಂತು, ಒಂದು ಕಾಲದ ತಮ್ಮ ಮೇಲಧಿಕಾರಿ ಟೆರೆನ್ಸ್ ಹ್ಯಾಲಿನನ್ ಅವರನ್ನೇ ಸೋಲಿಸಿದರು. 2010ರ ಕ್ಯಾಲಿಫೋರ್ನಿಯಾ ಅಟಾರ್ನಿ ಜನರಲ್ ಚುನಾವಣೆಯಲ್ಲಂತೂ ಎದುರಾಳಿ ಸ್ಟೀವ್ ಕೂಲಿ ಮತದಾನದ ರಾತ್ರಿಯೇ ತಾವು ಗೆದ್ದೆವೆಂದು ಹೇಳಿಬಿಟ್ಟಿದ್ದರು, ಎಣಿಕೆ ವಾರಗಟ್ಟಲೆ ಎಳೆದು ಕೊನೆಗೆ ಗೆದ್ದದ್ದು ಕಮಲಾ. ಆಮೇಲೆ ಸೆನೆಟ್, ಉಪಾಧ್ಯಕ್ಷ ಸ್ಥಾನ, 2024ರ ಸೋಲು ಎಲ್ಲರಿಗೂ ಗೊತ್ತು.

ಮುಂದೆ ನೀವು ಅವರ ಬಗ್ಗೆ ಬರೆಯುವಾಗ, ಸುಮ್ನೆ ಊರಿನ ಕಥೆಯಷ್ಟೇ ಸಾಲದು, ಆ ಮಕ್ಕಳ ಕೇಸುಗಳ ಕೆಲಸಕ್ಕೂ ಅರ್ಧ ಪುಟ ಕೊಡಿ.

– ನಿಮ್ಮ ಓದುಗರು, ಶಿವಮೊಗ್ಗ