ಕೀಮೋ ರದ್ದಾದದ್ದನ್ನು ತಿಳಿಸದ ಬಗ್ಗೆ, ದಾಖಲೆ ಕೊಡದ ಬಗ್ಗೆ ದೂರು

ಹಿರಿಯೂರು
12 ಜುಲೈ 2021

ಗೆ,
ಮುಖ್ಯಸ್ಥರು, ರೋಗಿಗಳ ದೂರು ವಿಭಾಗ,
ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರು

ಮಾನ್ಯರೇ,

ನನ್ನ ತಾಯಿಗೆ 58 ವರ್ಷ. ಕಳೆದ ವರ್ಷ ಫೆಬ್ರವರಿಯಿಂದ ನಿಮ್ಮಲ್ಲಿ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು. ದೂರು ಕೊಡಲು ಇಷ್ಟು ದಿನ ಯಾಕೆ ಬೇಕಾಯಿತು ಎಂದು ಕೇಳಬಹುದು. ಅಮ್ಮನ ಕೈಗೆ ಸೂಜಿ ಚುಚ್ಚುವವರು ನೀವೇ ಆಗಿದ್ದಾಗ ನಿಮ್ಮ ಮೇಲೆ ಬರೆಯುವ ಧೈರ್ಯ ನನಗಿರಲಿಲ್ಲ. ಕಳೆದ ತಿಂಗಳಿಂದ ತಪಾಸಣೆಗೆ ಬೇರೆ ಕಡೆ ಹೋಗುತ್ತಿದ್ದೇವೆ. ಈಗ ಬರೆಯುತ್ತಿದ್ದೇನೆ.

ಮೊದಲು ನಾಲ್ಕು ಕೀಮೋ, ಗಡ್ಡೆ ಕುಗ್ಗಿದ ಮೇಲೆ ಆಪರೇಷನ್ ಎಂದು ನಿಮ್ಮ ಡಾಕ್ಟರು ಹೇಳಿದ್ದರು. 21 ದಿನಕ್ಕೊಂದು, ತಪ್ಪಿಸಬೇಡಿ ಎಂದು ಫೈಲಿನ ಮೇಲೆ ಕೆಂಪು ಇಂಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದರು. ಫೆಬ್ರವರಿ 12ರದ್ದು ಆಯಿತು, ಮಾರ್ಚ್ 4ರದ್ದು ಆಯಿತು. ಮೂರನೆಯದು ಮಾರ್ಚ್ 25ಕ್ಕೆ, ಯುಗಾದಿಯ ದಿನ. ಹಿಂದಿನ ರಾತ್ರಿ ಎಂಟಕ್ಕೆ ಲಾಕ್‌ಡೌನ್ ಘೋಷಣೆಯಾಯಿತು. ಅದಕ್ಕೆ ನಿಮ್ಮನ್ನು ದೂರುವುದಿಲ್ಲ.

ಆಮೇಲೆ ಹತ್ತು ದಿನ ನಿಮ್ಮ ನಂಬರಿಗೆ ಫೋನ್ ಮಾಡಿದೆ. ಕೆಮ್ಮಿನ ಕಾಲರ್ ಟ್ಯೂನ್ ಮುಗಿದರೆ ನಿಮ್ಮ ರೆಕಾರ್ಡಿಂಗ್, ಅದು ಮುಗಿದರೆ ಕಟ್. ಕೊನೆಗೆ ಠಾಣೆಯಲ್ಲಿ ನಿಮ್ಮ ಕಾರ್ಡು ತೋರಿಸಿ ಪಾಸ್ ಮಾಡಿಸಿ, ಏಪ್ರಿಲ್ 6ರಂದು ಬಾಡಿಗೆ ಕಾರಿನಲ್ಲಿ ಬೆಳಗಿನ ಜಾವ ಹೊರಟು ಸುಮಾರು 160 ಕಿ.ಮೀ. ಬಂದೆವು. ಗೇಟಿನ ಸೆಕ್ಯುರಿಟಿಯವರು ಹಣೆಗೆ ಥರ್ಮಾಮೀಟರ್ ಹಿಡಿದು, "ಡೇ ಕೇರ್ ಸೀಲ್‌ಡೌನ್ ಆಗಿ ನಾಲ್ಕು ದಿನ ಆಯ್ತಲ್ಲ ಸರ್, ನಿಮಗೆ ಹೇಳಿಲ್ವಾ?" ಎಂದರು. ಕೀಮೋ ಕೊಡುವ ಆ ವಿಭಾಗದ ಸಿಬ್ಬಂದಿಯೊಬ್ಬರಿಗೆ ಕೊರೊನಾ ಸೋಂಕು ತಗುಲಿತ್ತಂತೆ. ಮುಚ್ಚಿದ್ದು ಸರಿಯೇ. ಆದರೆ ನಮ್ಮ ಮೊಬೈಲ್ ನಂಬರು ಫೈಲಿನ ಮೊದಲ ಪುಟದಲ್ಲೇ ಎರಡು ಕಡೆ ಇದೆ. ಅಮ್ಮ ಕಾರಿನಿಂದ ಇಳಿಯಲೂ ಇಲ್ಲ. ತಲೆಗೆ ಸುತ್ತಿದ್ದ ಟವೆಲ್ ಸರಿಮಾಡಿಕೊಂಡು, "ಡ್ರೈವರ್ ಏನಾದ್ರೂ ತಿಂದ್ನಾ ಕೇಳು" ಎಂದರು.

ಚಿತ್ರದುರ್ಗದಲ್ಲೇ ಎಲ್ಲಾದರೂ ಕೊಡಿಸೋಣ ಎಂದು, ಬಯಾಪ್ಸಿ ವರದಿಯನ್ನೂ ಅಲ್ಲಿಯವರೆಗೆ ಕೊಟ್ಟ ಔಷಧಿಯ ವಿವರವನ್ನೂ ಇಮೇಲ್ ಮಾಡಿ ಎಂದು ಅವತ್ತೇ ಬರೆದೆ. "ಖುದ್ದಾಗಿ ಬಂದು ಸಹಿ ಮಾಡಿ ಪಡೆಯಿರಿ" ಎಂದು ಉತ್ತರ ಬಂತು. ಬೆಳಿಗ್ಗೆ ಗೇಟಿನೊಳಗೆ ಬಿಡದವರು ಸಂಜೆಗೆ ಖುದ್ದಾಗಿ ಬನ್ನಿ ಎನ್ನುತ್ತೀರಿ! ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲೇ ಇದೆ. ಇನ್ನು ಡಾಕ್ಟರು ಫೋನು, ವಿಡಿಯೋದಲ್ಲಿ ಮಾತಾಡಿಸಿ ಔಷಧಿ ಚೀಟಿ ಕಳಿಸಬಹುದೆಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿದ್ದು ಯಾವತ್ತು ಗೊತ್ತೇ? ಅದೇ ಮಾರ್ಚ್ 25ರಂದು.

ಮೂರನೇ ಕೀಮೋ ಆದದ್ದು ಏಪ್ರಿಲ್ 29ಕ್ಕೆ, 35 ದಿನ ತಡವಾಗಿ. ಅಷ್ಟರಲ್ಲಿ ಗಡ್ಡೆ ಬೆಳೆದಿತ್ತು. ಗಡ್ಡೆಯಷ್ಟೇ ತೆಗೆದರೆ ಸಾಕಾದೀತು ಎಂದಿದ್ದವರು ಜೂನ್‌ನಲ್ಲಿ ಸ್ತನವನ್ನೇ ತೆಗೆದರು. ಆ 35 ದಿನದಿಂದಲೇ ಹೀಗಾಯಿತು ಎನ್ನಲು ನಾನು ಡಾಕ್ಟರಲ್ಲ. ಹಾಗಲ್ಲ ಎಂದು ನಿಮ್ಮಲ್ಲೂ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಬಿಲ್ಲಿನ ವಿಚಾರಕ್ಕೆ ಬರುತ್ತೇನೆ. ನನ್ನದು ಜೆರಾಕ್ಸ್ ಅಂಗಡಿ. ನಿಮ್ಮ ರಸೀದಿಯ ಅಕ್ಷರ ಆರು ತಿಂಗಳಿಗೆ ಮಾಸಿಹೋಗುತ್ತದೆಂದು ಗೊತ್ತಿದ್ದರಿಂದ ಎಲ್ಲಕ್ಕೂ ಅಂದಂದೇ ಪ್ರತಿ ತೆಗೆದಿಟ್ಟಿದ್ದೇನೆ. ಏಪ್ರಿಲ್ 29ರದ್ದರಲ್ಲಿ ಮರುನೋಂದಣಿ ಶುಲ್ಕ ₹750 ಇದೆ. ಒಂದು ತಿಂಗಳಿಗಿಂತ ಹೆಚ್ಚು ದಿನ ನಾವು ಬರಲಿಲ್ಲವಂತೆ. ಅದರ ಕೆಳಗೆ ಪಿಪಿಇ ಕಿಟ್ ಮೂರು, ₹5,400. ಆ ದಿನ ಆರು ಹಾಸಿಗೆಗೆ ಒಬ್ಬರೇ ಸಿಸ್ಟರ್. ಪಾಪ, ಅದೊಂದೇ ಗೌನಿನಲ್ಲಿ ಬೆವೆತು ಓಡಾಡುತ್ತಿದ್ದರೆಂದು ಅಮ್ಮ ಹೇಳಿದರು. ಉಳಿದ ಐದು ಹಾಸಿಗೆಯವರಿಗೂ ಮೂರು ಮೂರು ಕಿಟ್ ಬರೆದಿದ್ದೀರೋ ಏನೋ.

"ಇಡೀ ದೇಶದಲ್ಲೇ ಹೀಗಾಗಿದೆ" ಎಂದು ನಿಮ್ಮ ಕೌಂಟರಿನವರು ಹೇಳಿದ್ದರು. ನಿಜ, ನಾನೂ ಓದಿದ್ದೇನೆ. ದೇಶದ 41 ಕ್ಯಾನ್ಸರ್ ಕೇಂದ್ರಗಳ ಲೆಕ್ಕದಲ್ಲಿ, 2019ಕ್ಕೆ ಹೋಲಿಸಿದರೆ 2020ರ ಮಾರ್ಚ್‌ನಿಂದ ಮೇವರೆಗೆ ಹೊಸ ರೋಗಿಗಳ ನೋಂದಣಿ ಶೇ 54ರಷ್ಟು, ದೊಡ್ಡ ಆಪರೇಷನ್‌ಗಳು ಶೇ 49ರಷ್ಟು ಕಡಿಮೆಯಾಗಿದ್ದವು. ಬರುವವರೇ ಅರ್ಧಕ್ಕಿಳಿದಾಗ ಫೋನ್ ಎತ್ತಲು ಜನ ಇರಬೇಕಿತ್ತಲ್ಲವೇ? ಅಲ್ಲದೆ ನನ್ನ ತಾಯಿ ಬರಲಾಗದೆ ಉಳಿದವರಲ್ಲ, ನಿಮ್ಮ ಗೇಟಿನವರೆಗೆ ಬಂದವರು.

ಮರುನೋಂದಣಿ ಶುಲ್ಕ ಮತ್ತು ಕಿಟ್‌ಗಳ ಹಣ, ಒಟ್ಟು ₹6,150 ವಾಪಸ್ ಕೊಡಿ. ಸ್ಕ್ಯಾನ್‌ಗಳ ಸಮೇತ ಪೂರ್ತಿ ಫೈಲ್ ಕೊಡಿ, ಹೊಸ ಡಾಕ್ಟರು ಕೇಳುತ್ತಿದ್ದಾರೆ. ದಿನಾಂಕ ರದ್ದಾದರೆ ದೂರದ ಊರಿನವರಿಗೆ ಫೋನ್ ಮಾಡುವ ಕೆಲಸ ನಿಮ್ಮಲ್ಲಿ ಯಾರದು ಎಂಬುದನ್ನು ಬರಹದಲ್ಲಿ ತಿಳಿಸಿ. 15 ದಿನ ಕಾಯುತ್ತೇನೆ. ಆಮೇಲೆ ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ಕೇಳುವ ಜಿಲ್ಲಾ ಪ್ರಾಧಿಕಾರಕ್ಕೆ ಇದರದ್ದೇ ಒಂದು ಪ್ರತಿ ಹೋಗುತ್ತದೆ.

ಉತ್ತರವನ್ನು ಅಂಗಡಿಯ ವಿಳಾಸಕ್ಕೆ ಕಳಿಸಿ, ಮನೆಗೆ ಬೇಡ. ದೂರು ಕೊಟ್ಟದ್ದು ಅಮ್ಮನಿಗೆ ಗೊತ್ತಿಲ್ಲ. ಗೊತ್ತಾದರೆ, ಆ ಸಿಸ್ಟರ್‌ಗೆ ತೊಂದರೆಯಾಗುತ್ತದೆ ಅಂತ ನನ್ನನ್ನೇ ಬೈಯುತ್ತಾರೆ.

ಇಂತಿ,
ರೋಗಿಯ ಮಗ

ಲಗತ್ತು: ರಸೀದಿಗಳ ಪ್ರತಿ, ಏಪ್ರಿಲ್ 6ರ ಇಮೇಲ್ ಮತ್ತು ನಿಮ್ಮ ಉತ್ತರ, ಪೊಲೀಸ್ ಪಾಸ್